ಕುರಿ ಕಾಯೋಕೆ ಲಾಮಾ: ಮೂರನೇ ಸಲಕ್ಕೆ ಸರಿಹೋಯಿತು

"ಒಂಟೆ ಮರಿ ಇದ್ದಂಗೈತೆ. ಇದು ಕುರಿ ಕಾಯ್ತದೇನಪ್ಪಾ? ತೋಳಕ್ಕೆ ನಾಯೇ ಸರಿ."

ಲಾಮಾ ಅಂದರೆ ದಕ್ಷಿಣ ಅಮೆರಿಕದ, ಒಂಟೆ ಜಾತಿಯ ಪ್ರಾಣಿ. ಫೋನಿನಲ್ಲಿ ಅದನ್ನ ತೋರಿಸಿದಾಗ ಶಿರಾದಿಂದ ಅಪ್ಪ ಹೇಳಿದ್ದು ಇಷ್ಟೇ. ಇಲ್ಲಿ ಅಮೆರಿಕದ ವರ್ಜೀನಿಯಾದ ಶೆನಂಡೋವಾ ಕಣಿವೆಯಲ್ಲಿ ಅಕ್ಕಪಕ್ಕದ ರೈತರೂ ಹಾಗೇ ಅಂದಿದ್ದರು. ನಮ್ಮ ಲಾಮಾ ಬೀರ ಬಂದು ಈಗ ನಾಲ್ಕು ವರ್ಷ. ಅಲ್ಲಿಂದ ಇಲ್ಲಿವರೆಗೆ ಕಯೋಟಿ (ತೋಳದ ಜಾತಿಯ, ಅದಕ್ಕಿಂತ ಚಿಕ್ಕ ಕಾಡುಪ್ರಾಣಿ) ಹೊತ್ತುಕೊಂಡು ಹೋಗಿದ್ದು ಒಂದೇ ಮರಿ. ಅದೂ ಬೇಲಿ ನುಸುಳಿ ಆಚೆ ಹೋಗಿದ್ದ ಮರಿ.

ನನ್ನದು 12 ಎಕರೆ, 30 ಚಿಲ್ಲರೆ ಕಟಾಡಿನ್ ತಳಿಯ ಕುರಿ. ಮೊದಲ ವರ್ಷ ಹುಟ್ಟಿದ 38 ಮರಿಗಳಲ್ಲಿ 11 ಹೋದವು. ಮರಿಗೆ 180 ಡಾಲರ್ ಅಂತ ಹಿಡಿದರೂ ಎರಡು ಸಾವಿರ ಡಾಲರ್ ಕೈಬಿಟ್ಟ ಹಾಗಾಯಿತು. ಕಾವಲು ನಾಯಿ ತಂದೆ. ಕೆಲಸ ಚೆನ್ನಾಗೇ ಮಾಡಿತು. ಆದರೆ ರಾತ್ರಿಯೆಲ್ಲ ಬೊಗಳಿ ಪಕ್ಕದ ಮನೆಯವರ ನಿದ್ದೆ ಕೆಡಿಸಿತು. ತಿಂಗಳಿಗೆ 70-80 ಡಾಲರ್ ಊಟಕ್ಕೇ ಬೇಕಿತ್ತು. ಅದಕ್ಕೇ ಲಾಮಾ ಕಡೆ ತಿರುಗಿದೆ.

ಮೊದಲ ಲಾಮಾ 200 ಡಾಲರ್‌ಗೆ ಸಿಕ್ಕಿತು. ಅಗ್ಗ ಅಂತ ಹಿಂದೆಮುಂದೆ ನೋಡದೆ ತಂದೆ. ಅದು ಬಾಟಲಿ ಹಾಲು ಕುಡಿದು ಒಂಟಿಯಾಗಿ ಬೆಳೆದ ಗಂಡು ಅಂತ ಮಾರಿದವರು ಹೇಳಲಿಲ್ಲ. ಹಾಗೆ ಬೆಳೆದ ಗಂಡು ಮನುಷ್ಯರನ್ನೇ ತನ್ನ ಜಾತಿ ಅಂದುಕೊಳ್ಳುತ್ತದೆ. ವಯಸ್ಸಿಗೆ ಬಂದಮೇಲೆ ನಮ್ಮ ಮೇಲೇ ಜಗಳಕ್ಕೆ ಬರುತ್ತದೆ. ಒಂದು ದಿನ ಗೇಟಿನ ಹತ್ತಿರ ನನ್ನ ಹೆಂಡತಿಯನ್ನ ಎದೆಯಿಂದ ಗುದ್ದಿ ಕೆಡವಿತು. ಅವತ್ತೇ ವಾಪಸ್ ಬಿಟ್ಟುಬಂದೆ. ದುಡ್ಡು ಬರಲಿಲ್ಲ.

ಎರಡನೇ ಸಲ ಜೋಡಿ ತಂದೆ, 900 ಡಾಲರ್. ಒಂದಕ್ಕಿಂತ ಎರಡು ಮೇಲು ಅಲ್ವಾ ಅಂದುಕೊಂಡಿದ್ದೆ. ಅವೆರಡೂ ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ನಿಂತವು. ಕುರಿಗಳ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಆ ವರ್ಷವೂ 7 ಮರಿ ಹೋದವು.

ಆಮೇಲೆ ಅಯೋವಾ ಸ್ಟೇಟ್ ಯೂನಿವರ್ಸಿಟಿಯವರು 1990ರ ದಶಕದಲ್ಲಿ ಕುರಿ ಸಾಕೋರನ್ನ ಕೇಳಿ ಮಾಡಿದ ಸಮೀಕ್ಷೆ ಕಣ್ಣಿಗೆ ಬಿತ್ತು. ಲಾಮಾ ಬಂದ ಮೇಲೆ ನಷ್ಟ ನೂರಕ್ಕೆ 21ರಿಂದ 7ಕ್ಕೆ ಇಳಿದಿತ್ತು. ಒಂಟಿ ಲಾಮಾ ಜಾಸ್ತಿ ಚೆನ್ನಾಗಿ ಕಾಯುತ್ತದೆ ಅಂತಲೂ ಅದರಲ್ಲಿತ್ತು. ಹಾಗೆ ಬಂದವನು ಬೀರ. ಬೀಜ ತೆಗೆಸಿದ ಗಂಡು, ತಾಯಿ ಜೊತೆ ಮಂದೆಯಲ್ಲೇ ಬೆಳೆದವನು, ಆಗ ನಾಲ್ಕು ವರ್ಷದವನು. 650 ಡಾಲರ್. ಬೀಜ ತೆಗೆಸದಿದ್ದರೆ ಕುರಿಗಳ ಮೇಲೇ ಹತ್ತಿ ಗಾಯ ಮಾಡಬಹುದು, ನೆನಪಿರಲಿ.

ಮೊದಲ ವಾರ ಅವನನ್ನ ಐದಾರು ಬಸುರಿ ಕುರಿಗಳ ಜೊತೆ ಚಿಕ್ಕ ರೊಪ್ಪದಲ್ಲಿ ಬಿಟ್ಟೆ. ಮರಿ ಹಾಕಿದಾಗ ಅವನೇ ಹತ್ತಿರ ಹೋಗಿ ಮೂಸಿ ನೋಡಿದ.

ಫೆಬ್ರವರಿಯ ಒಂದು ಬೆಳಗ್ಗೆ ಕಣ್ಣಾರೆ ನೋಡಿದೆ. ಇನ್ನೂ ಮಂಜು ಕರಗಿರಲಿಲ್ಲ. ಬೀರ ಕಿವಿ ನೆಟ್ಟಗೆ ಮಾಡಿ ತೊರೆ ಕಡೆ ನೋಡುತ್ತಿದ್ದ. ಹಾಗೇ ಕಿರುಚಿದ. ದಿನವೂ ಮೂಗಲ್ಲಿ ಗುಂಯ್‌ಗುಟ್ಟೋ ದನಿ ಅಲ್ಲ, ಕುದುರೆ ಕೆನೆದು ಉಸಿರು ಸಿಕ್ಕಿಕೊಂಡ ಹಾಗೆ. ಕುರಿಗಳೆಲ್ಲ ಓಡಿಬಂದು ಅವನ ಹಿಂದೆ ಗುಂಪುಗೂಡಿದವು. ಕಯೋಟಿ ಬೇಲಿ ಒಳಗೆ ಬಂದಾಗಿತ್ತು. ಇವನು ಕತ್ತು ಮುಂದೆ ಚಾಚಿ ನೇರ ಅದರ ಮೇಲೇ ಓಡಿದ, ಮುಂಗಾಲು ನೆಲಕ್ಕೆ ಕುಟ್ಟಿದ. ಅದು ಬಾಲ ಮಡಚಿಕೊಂಡು ಬಂದ ದಾರಿ ಹಿಡಿಯಿತು. ಒಂದೆರಡು ಕಯೋಟಿಗೆ ಇದು ಸಾಕು. ನಾಯಿಗಳ ಹಿಂಡಿಗೂ ಕರಡಿಗೂ ಲಾಮಾ ಸಾಲದು.

ಖರ್ಚು ಕಡಿಮೆ. ಮೇಯೋದು ಕುರಿ ಹುಲ್ಲೇ. ಖನಿಜದ ಪುಡಿಯೂ ಕುರಿಯದ್ದೇ, ಆಡಿನದ್ದರಲ್ಲಿ ತಾಮ್ರ ಜಾಸ್ತಿ, ಬೇಡ. ಮೈ ನೋಡಿ ದಪ್ಪಗಿದಾನೆ ಅಂದುಕೊಳ್ಳಬೇಡಿ. ಉಣ್ಣೆ ಒಳಗೆ ಕೈಹಾಕಿ ಬೆನ್ನುಮೂಳೆ ಮುಟ್ಟಿ ನೋಡಿ. ಇಲ್ಲಿ ಬಿಳಿಬಾಲದ ಜಿಂಕೆ ಜಾಸ್ತಿ. ಅದರ ಮೈಯೊಳಗಿನ ಹುಳ ಬಸವನಹುಳು ಮೂಲಕ ಬಂದು ಲಾಮಾದ ಬೆನ್ನುಹುರಿ ಹಿಡಿಯುತ್ತದೆ. ಪಕ್ಕದ ಊರಿನ ಒಂದು ಲಾಮಾಕ್ಕೆ ಹಿಂಗಾಲೇ ಬಿದ್ದುಹೋಯಿತು. ಹಾಗಾಗಿ ಪ್ರತಿ ತಿಂಗಳು ಐವರ್ಮೆಕ್ಟಿನ್ ಅನ್ನೋ ಹುಳದ ಔಷಧಿಯ ಸೂಜಿ, ಪ್ರಮಾಣ ಡಾಕ್ಟರನ್ನ ಕೇಳಿಯೇ. ಮೇ ತಿಂಗಳಲ್ಲಿ ಉಣ್ಣೆ ಕತ್ತರಿಸೋಕೆ 50 ಡಾಲರ್. ಜುಲೈ ಸೆಕೆಗೆ ಕೊಟ್ಟಿಗೆಯಲ್ಲಿ ಫ್ಯಾನ್. ನೀರು ಹೊಟ್ಟೆಗೆ, ಕಾಲಿಗೆ ಮಾತ್ರ ಹಾಕಿ. ಉಣ್ಣೆ ಇರೋ ಬೆನ್ನಿಗೆ ಹಾಕಿದರೆ ಬಿಸಿ ಒಳಗೇ ಉಳಿಯುತ್ತದೆ. ಮೊದಲ ಬೇಸಿಗೆ ನಾನು ಬೆನ್ನಿಗೇ ಹಾಕುತ್ತಿದ್ದೆ, ಪಾಪ ಬಾಯಿ ತೆರೆದು ಏದುಸಿರು ಬಿಡುತ್ತಿದ್ದ.

ಆ ಉಣ್ಣೆಯಲ್ಲಿ ಕಂಬಳಿ ಮಾಡೋಕೂ ನೋಡಿದೆ. ಅಜ್ಜಿ ಮಾಡುತ್ತಿದ್ದ ಹಾಗೆ ಕದಿರಲ್ಲಿ ನೂತೆ, ಹುಣಸೆಬೀಜದ ಗಂಜಿ ಹಾಕಿದೆ. ಮೇಲಿನ ಒರಟು ಕೂದಲು ಬೇರೆ ಮಾಡದೆ ನೂತಿದ್ದಕ್ಕೆ ಚುಚ್ಚುತ್ತದೆ. ಒಂದು ಮೊಳ ಆಯಿತು, ಅಷ್ಟೇ. ಹಿಕ್ಕೆ ಮಾತ್ರ ಚಿನ್ನ. ಯಾವಾಗಲೂ ಒಂದೇ ಜಾಗದಲ್ಲಿ ಹಾಕುತ್ತಾನೆ, ಗುಡಿಸೋದು ಸುಲಭ. ಬದನೆ ಸಾಲಿಗೆ ಹಸಿಯಾಗೇ ಹಾಕಿದೆ, ಗಿಡ ಸುಡಲಿಲ್ಲ. ಆ ವರ್ಷ ಬದನೆಕಾಯಿ ಹಂಚಿ ಸಾಕಾಯಿತು.

ಬೀರನಿಗೆ ಈಗ ಎಂಟು ವರ್ಷ, ಇನ್ನೂ ಏಳೆಂಟು ವರ್ಷ ಕಾಯುತ್ತಾನೆ. ಮಂದೆ ಬೆಳೆದಿದೆ, ತೊರೆ ಆಚೆಯ ಜಮೀನೂ ಗೇಣಿಗೆ ಹಿಡಿದಿದ್ದೇನೆ. ಅಕ್ಟೋಬರಿಗೆ ಅಲ್ಲಿಗೆ ಇನ್ನೊಂದು ಗಂಡು ಬರುತ್ತಿದೆ. ಇಬ್ಬರೂ ಒಬ್ಬರಿಗೊಬ್ಬರು ಕಾಣಬಾರದು ಅಂತ ನಡುವಿನ ಸೀಡರ್ ಮರಗಳನ್ನ ಕಡಿಯದೆ ಹಾಗೇ ಬಿಟ್ಟಿದ್ದೇನೆ. ಬೇಲಿ ಅರ್ಧ ಆಗಿದೆ.