ಹೊಟ್ಟೆಯ ಬ್ಯಾಕ್ಟೀರಿಯಾಗೆ ಊಟ ಹಾಕೋದು ಹೇಗೆ?

ಕಲಬುರಗಿಯ ಗಂಜ್ ಹತ್ತಿರ ನನ್ನದೊಂದು ಔಷಧಿ ಅಂಗಡಿ. "ತೂಕ ಇಳಿಸೋ ಬ್ಯಾಕ್ಟೀರಿಯಾ ಮಾತ್ರೆ ಕೊಡ್ರಿ" ಅಂತ ಬರುವವರು ಈಗ ಜಾಸ್ತಿ. ಮಾರಿದರೆ ನನಗೇ ಲಾಭ. ಆದರೂ ಮೊದಲು ಕಾಯಿಪಲ್ಲೆ ಸಂತೆಗೆ ಹೋಗಿ ಬನ್ನಿ ಎನ್ನುತ್ತೇನೆ. ಹೊಟ್ಟೆಯಲ್ಲಿ ಈಗಾಗಲೇ ಇರುವವು ಉಪವಾಸ ಬಿದ್ದಿರುವಾಗ ಹೊಸಬರನ್ನು ಕರೆದು ಏನು ಮಾಡೋದು?

ಅವುಗಳ ಊಟ ನಾರು. ನಮಗೆ ಜೀರ್ಣವಾಗದ ನಾರನ್ನು ಅವು ದೊಡ್ಡ ಕರುಳಿನಲ್ಲಿ ಹುಳಿಸಿ ಬ್ಯುಟಿರೇಟ್, ಪ್ರೊಪಿಯೊನೇಟ್ ಮುಂತಾದ ಆಮ್ಲ ಮಾಡುತ್ತವೆ. ಬ್ಯುಟಿರೇಟ್‌ನಿಂದ ಕರುಳಿನ ಒಳಗೋಡೆ ಗಟ್ಟಿಯಾಗಿರುತ್ತದೆ. ಹಸಿವು ತಗ್ಗಿಸಿ ಶುಗರ್ ಹಿಡಿತದಲ್ಲಿಡುವ ಜಿಎಲ್‌ಪಿ-1 ಹಾರ್ಮೋನನ್ನೂ ಈ ಆಮ್ಲಗಳು ಹೊರಡಿಸುತ್ತವೆ. ತೂಕ ಇಳಿಸುವ ದುಬಾರಿ ಇಂಜೆಕ್ಷನ್‌ಗಳು ನಕಲು ಮಾಡುವುದು ಇದನ್ನೇ, ಆದರೆ ರೊಟ್ಟಿಯಿಂದ ಅಷ್ಟು ಜೋರು ನಿರೀಕ್ಷಿಸಬೇಡಿ. ಊಟದಲ್ಲಿ ನಾರು ಕಡಿಮೆಯಾಗಿ ಕೊಬ್ಬು ಜಾಸ್ತಿಯಾದರೆ ಕರುಳಿನ ಗೋಡೆ ಸಡಿಲಾಗುತ್ತದೆ. ಕೆಲವು ಬ್ಯಾಕ್ಟೀರಿಯಾಗಳ ಹೊರಪದರದ ಎಲ್‌ಪಿಎಸ್ ಎಂಬ ವಿಷ ರಕ್ತಕ್ಕೆ ಜಿನುಗುತ್ತದೆ. ಮೈಯಲ್ಲಿ ಸಣ್ಣ ಉರಿಯೂತ ಸದಾ ಇರುತ್ತದೆ, ರಕ್ತದ ಸಕ್ಕರೆ ಇಳಿಸುವ ಇನ್ಸುಲಿನ್ ಹಾರ್ಮೋನಿನ ಮಾತನ್ನು ಜೀವಕೋಶಗಳು ಕೇಳುವುದಿಲ್ಲ. 2007ರಲ್ಲಿ ವಿಜ್ಞಾನಿ ಪ್ಯಾಟ್ರಿಸ್ ಕಾನಿ ತಂಡ ಇಲಿಗಳಲ್ಲಿ ಇದನ್ನು ತೋರಿಸಿತು. 2012ರಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ತೆಳ್ಳಗಿನವರ ಮಲವನ್ನು ಬೊಜ್ಜಿದ್ದವರ ಕರುಳಿಗೆ ಸೇರಿಸಿದಾಗ 6 ವಾರದಲ್ಲಿ ಇನ್ಸುಲಿನ್ ಚೆನ್ನಾಗಿ ನಾಟತೊಡಗಿತು. ತೂಕ ಮಾತ್ರ ಇಳಿಯಲಿಲ್ಲ. ಮಾತ್ರೆ ಕೇಳಲು ಬಂದವರಿಗೆ ಈ ಕೊನೆಯ ಮಾತನ್ನು ಎರಡು ಸಲ ಹೇಳುತ್ತೇನೆ.

ಈಗ ತಾಟಿನ ವಿಷಯ. ಬೆಳಿಗ್ಗೆ ಸುಸ್ಲಾ-ಮಿರ್ಚಿ ತಿನ್ನುತ್ತೀರಲ್ವಾ? ವಾರಕ್ಕೊಮ್ಮೆ ಸಾಕು. ಉಳಿದ ದಿನ ಜೋಳದ ರೊಟ್ಟಿ. 100 ಗ್ರಾಂ ಜೋಳದಲ್ಲಿ ಸುಮಾರು 10 ಗ್ರಾಂ ನಾರಿದೆ, ಹಿಟ್ಟನ್ನು ಸಾಣಿಸಿ ತವುಡು ಚೆಲ್ಲಬೇಡಿ. ಜೊತೆಗೆ ಪುಂಡಿಪಲ್ಲೆ, ಮಡಕಿಕಾಳು, ಅಗಸಿ ಹಿಂಡಿ. ಹಸಿ ಉಳ್ಳಾಗಡ್ಡಿ ಕಡಿಯುವುದನ್ನು ಬಿಡಬೇಡಿ. ಅದರಲ್ಲಿರುವ ಇನ್ಯುಲಿನ್ (ಇನ್ಸುಲಿನ್ ಅಲ್ಲ) ಜಾತಿಯ ನಾರು ಬ್ಯಾಕ್ಟೀರಿಯಾಗಳಿಗೆ ಬಲು ಇಷ್ಟ. ಮಜ್ಜಿಗೆ ಇರಲಿ, ಸಕ್ಕರೆ ಬೇಡ.

ಒಮ್ಮೆಲೇ ಶುರು ಮಾಡಿದರೆ ಹೊಟ್ಟೆ ಉಬ್ಬುತ್ತದೆ, ಮರುದಿನವೇ ಗ್ಯಾಸ್ ಮಾತ್ರೆಗೆ ನನ್ನ ಬಳಿ ಬರುತ್ತೀರಿ. ಮೊದಲ ವಾರ ಒಂದೇ ಹೊತ್ತಿನ ಊಟ ಬದಲಿಸಿ. ಕಾಳು ನೆನೆಸಿ, ಆ ನೀರು ಚೆಲ್ಲಿ ಬೇಯಿಸಿ. ನೀರು ಜಾಸ್ತಿ ಕುಡಿಯಿರಿ. ನೆಗಡಿಗೆಲ್ಲ ಸುಮ್ನೆ ಆ್ಯಂಟಿಬಯಾಟಿಕ್ ಕೇಳಬೇಡಿ, ಅದು ಒಳ್ಳೆಯ ಬ್ಯಾಕ್ಟೀರಿಯಾಗಳನ್ನೂ ಕೊಲ್ಲುತ್ತದೆ.

ಶುಗರ್‌ಗೆ ಗ್ಲಿಮೆಪಿರೈಡ್ ಮಾತ್ರೆ ಅಥವಾ ಇನ್ಸುಲಿನ್ ತಗೊಳ್ಳುವವರು ಊಟ ಬದಲಿಸುವ ಮೊದಲೇ ಡಾಕ್ಟರಿಗೆ ಹೇಳಿ, ಶುಗರ್ ತೀರಾ ಇಳಿಯಬಹುದು. ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಎಚ್‌ಬಿಎ1ಸಿ ರಕ್ತಪರೀಕ್ಷೆ ಸುಮಾರು 3 ತಿಂಗಳ ಶುಗರ್ ಸರಾಸರಿ ತೋರಿಸುತ್ತದೆ, ಹದಿನೈದು ದಿನಕ್ಕೇ ಮಾಡಿಸಿ ದುಡ್ಡು ಕಳೆಯಬೇಡಿ.