ಆಳದ ಅಮಲು: 30 ಮೀಟರ್ ದಾಟುವ ಮುನ್ನ

ಸ್ಕೂಬಾ ಡೈವಿಂಗಿನಲ್ಲಿ 30 ಮೀಟರ್ ದಾಟಿದ ಮೇಲೆ ಸಲಕರಣೆಗಿಂತ ಮೊದಲು ತಲೆ ಕೈಕೊಡುತ್ತದೆ. ಪ್ರತಿ 10 ಮೀಟರಿಗೆ ಒತ್ತಡ ಒಂದು ಬಾರ್ ಏರುತ್ತದೆ. 40 ಮೀಟರಿನಲ್ಲಿ ಅದು ಮೇಲಿನದರ ಐದು ಪಟ್ಟು. ಆ ಒತ್ತಡದಲ್ಲಿ ಉಸಿರಾಡಿದ ಗಾಳಿಯ ನೈಟ್ರೋಜನ್, ಮಿದುಳಿಗೆ ಅರಿವಳಿಕೆ ಮದ್ದಿನ ಹಾಗೆ ತಾಗುತ್ತದೆ. ಇದೇ ನೈಟ್ರೋಜನ್ ನಾರ್ಕೋಸಿಸ್, ಆಳದ ಅಮಲು. ಕೆಲವರಿಗೆ ಹುರುಪು, ಕೆಲವರಿಗೆ ಮಂಕು. ನೀರು ತಣ್ಣಗಿದ್ದು ಕತ್ತಲಿದ್ದರೆ ಕಾರಣವೇ ಇಲ್ಲದ ದಿಗಿಲು.

ಸಿಲಿಂಡರಿನಲ್ಲಿ ಉಳಿದ ಒತ್ತಡ ತೋರಿಸುವ ಗೇಜಿನ ಮುಳ್ಳು 90 ಬಾರಿನಲ್ಲಿದೆ ಅಂದುಕೊಳ್ಳಿ. ನೋಡುತ್ತೀರಿ, ಓದುತ್ತೀರಿ, ಆದರೆ 90 ಅಂದರೆ ಹೊರಡುವ ಹೊತ್ತು ಮೀರಿದೆ ಅನ್ನುವುದು ಹೊಳೆಯುವುದಿಲ್ಲ. ಮರುಕ್ಷಣ ಮತ್ತೆ ಅದನ್ನೇ ನೋಡುತ್ತೀರಿ. ಹಾಗಾಗಿ ಲೆಕ್ಕವೆಲ್ಲ ದೋಣಿಯಲ್ಲೇ ಮುಗಿದು, ಗರಿಷ್ಠ ಆಳ, ಸಮಯ, ಮರಳುವ ಒತ್ತಡ (ಸಿಲಿಂಡರ್ ಎಷ್ಟು ಬಾರಿಗಿಳಿದಾಗ ಹೊರಡಬೇಕು) ಈ ಮೂರೂ ಸ್ಲೇಟಿನ ಮೇಲೆ ಇರಬೇಕು.

ಮರಳುವ ಒತ್ತಡದ ಲೆಕ್ಕ ಹೀಗೆ. ಜೊತೆಗಾರನ ಗಾಳಿ ಮುಗಿದು, ಗಾಬರಿಗೊಂಡ ಇಬ್ಬರೂ ಒಂದೇ ಸಿಲಿಂಡರಿನಿಂದ ಉಸಿರಾಡುತ್ತಿದ್ದೀರಿ. ಮೇಲ್ಮೈ ಲೆಕ್ಕದಲ್ಲಿ ನಿಮಿಷಕ್ಕೆ ತಲಾ 30 ಲೀಟರ್. 40 ಮೀಟರಿನಲ್ಲಿ ಒತ್ತಡದಂತೆ ಗಾಳಿಯೂ ಐದು ಪಟ್ಟು ಬೇಕು, ಸುಧಾರಿಸಿಕೊಳ್ಳಲು ಒಂದು ನಿಮಿಷಕ್ಕೆ 300 ಲೀಟರ್. ನಿಮಿಷಕ್ಕೆ 9 ಮೀಟರಿನಂತೆ 5 ಮೀಟರಿಗೆ ಏರಲು ಸುಮಾರು 760. ಅಲ್ಲಿ 3 ನಿಮಿಷ ನಿಲ್ಲಲು 270, ಕೊನೆಯ ಏರಿಕೆಗೆ ಇನ್ನೊಂದಿಷ್ಟು. ಒಟ್ಟು 1,400 ಲೀಟರ್, 12 ಲೀಟರ್ ಸಿಲಿಂಡರಿನಲ್ಲಿ ಹತ್ತಿರಹತ್ತಿರ 120 ಬಾರ್! ಸಿಲಿಂಡರ್ 200 ಬಾರ್ ತುಂಬಿದ್ದರೂ ಬಳಸಲು ಸಿಗುವುದು 80 ಮಾತ್ರ. ‘50 ಬಾರ್ ಉಳಿಸಿಕೊಂಡರೆ ಸಾಕು’ ಎಂಬ ರೂಢಿಮಾತು ಈ ಆಳಕ್ಕೆ ಸಲ್ಲದು.

ಹಗ್ಗ ಹಿಡಿದು ನಿಧಾನ ಇಳಿಯಿರಿ. 25 ಮೀಟರ್ ಆದಮೇಲೆ ಆಗಾಗ ಬೆರಳಾಟ ಆಡಿ: ಜೊತೆಗಾರ ಎರಡು ಬೆರಳು ತೋರಿಸಿದರೆ ನೀವು ಮೂರು ತೋರಿಸಬೇಕು. ಉತ್ತರ ತಡವಾಯಿತು, ಇಲ್ಲವೇ ಅದೇ ಎರಡು ವಾಪಸ್ ಬಂತು ಅಂದರೆ ಚರ್ಚೆ ಬೇಡ, ಇಬ್ಬರೂ 5–10 ಮೀಟರ್ ಮೇಲೇರಿ. ಅಮಲು ಸಾಮಾನ್ಯವಾಗಿ ಅಲ್ಲೇ ಇಳಿಯುತ್ತದೆ. ‘ಸರಿಹೋಯಿತಲ್ಲ’ ಎಂದು ಮತ್ತೆ ಕೆಳಗಿಳಿಯಬೇಡಿ.

ಅಮಲನ್ನು ಏರಿಸುವುದರಲ್ಲಿ ಮುಖ್ಯವಾದದ್ದು ಇಂಗಾಲದ ಡೈಆಕ್ಸೈಡ್. ಆಳದಲ್ಲಿ ಗಾಳಿ ದಟ್ಟ, ಉಸಿರು ಹೊರಗೆ ಹೋಗುವುದೇ ಕಷ್ಟ. ಅದರ ಜೊತೆಗೆ ಪ್ರವಾಹಕ್ಕೆ ಎದುರಾಗಿ ಕಾಲು ಬಡಿದರೆ ಏದುಸಿರು, ಬೆನ್ನಿಗೇ ದಿಗಿಲು. ಉಸಿರುಗಟ್ಟಿದಂತೆನಿಸಿ ಬಾಯಲ್ಲಿರುವ ರೆಗ್ಯುಲೇಟರನ್ನೇ ಕಿತ್ತೆಸೆಯಬೇಕೆನಿಸುವುದೂ ಉಂಟು. ಕಾಲಾಟ ನಿಲ್ಲಿಸಿ, ಹಗ್ಗ ಹಿಡಿದು, ಉದ್ದಕ್ಕೆ ಉಸಿರು ಬಿಡಿ. ನಾಲ್ಕೈದು ಉಸಿರಾದ ಮೇಲೆ ಏರಿ. ಹಿಂದಿನ ರಾತ್ರಿಯ ಮದ್ಯ, ನಿದ್ದೆಗೇಡು, ಚಳಿ ಇವೂ ಅಮಲಿಗೆ ಇಂಬು ಕೊಡುತ್ತವೆ.

ಆಮ್ಲಜನಕ ಹೆಚ್ಚಿಸಿದ ಗಾಳಿಯಾದ ನೈಟ್ರಾಕ್ಸ್ ಇದಕ್ಕೆ ಮದ್ದಲ್ಲ. ಆಮ್ಲಜನಕಕ್ಕೂ ಅಮಲೇರಿಸುವ ಗುಣವಿದೆ ಎಂದೇ ಲೆಕ್ಕ ಹಾಕಬೇಕು. ಜೊತೆಗೆ 32 ಶೇಕಡಾ ಆಮ್ಲಜನಕದ ಮಿಶ್ರಣದಲ್ಲಿ 33 ಮೀಟರಿಗೇ ಆಮ್ಲಜನಕದ ಪಾಲಿನ ಒತ್ತಡ 1.4 ಬಾರ್ ಮಿತಿಗೆ ಹತ್ತಿರವಾಗುತ್ತದೆ. ಅದನ್ನು ಮೀರಿದರೆ ಮುನ್ಸೂಚನೆಯಿಲ್ಲದೆ ಸೆಳವು (ಫಿಟ್ಸ್) ಬರಬಹುದು. 40 ಮೀಟರಿನ ಕೆಳಗೆ ಹೀಲಿಯಂ ಬೆರೆಸಿದ ಟ್ರೈಮಿಕ್ಸ್ ಮತ್ತು ಅದರ ತರಬೇತಿ ಇಲ್ಲದೆ ಇಳಿಯಬೇಡಿ.

ದೋಣಿ ಹತ್ತಿದ ಮೇಲೆ, ಡೈವ್ ಕಂಪ್ಯೂಟರ್ ನೋಡದೆಯೇ ಎಷ್ಟು ಆಳ, ಎಷ್ಟು ನಿಮಿಷ ಎಂದು ಬರೆದು ಆಮೇಲೆ ತಾಳೆ ನೋಡಿ. ತೀರಾ ವ್ಯತ್ಯಾಸ ಬಂದರೆ, ನಿಮಗೆ ಗೊತ್ತಾಗದೆಯೇ ಅಮಲೇರಿತ್ತು. ಮುಂದಿನ ಸಲ 10 ಮೀಟರ್ ಕಡಿಮೆ ಇಳಿಯಿರಿ.