ನಿತ್ರಾಣ: ಪದ ಬಿಡಿಸಿ ನೋಡೋದು ಹೇಗೆ?

ಮೊದಲು ಪದವನ್ನು ಎರಡು ಮಾಡಿ: ನಿ, ತ್ರಾಣ. ಇಲ್ಲಿ 'ನಿ' ಅಂದರೆ ಇಲ್ಲ. ತ್ರಾಣ ಸಂಸ್ಕೃತದಿಂದ ಬಂದದ್ದು, ಅಲ್ಲಿ ಅದಕ್ಕೆ ಕಾಪಾಡುವುದು ಎಂಬ ಅರ್ಥ. ತಲೆ ಕಾಯುವ ಶಿರಸ್ತ್ರಾಣ ಗೊತ್ತಲ್ವಾ, ಅದೇ ತ್ರಾಣ. ಕನ್ನಡಕ್ಕೆ ಬಂದಾಗ ಅದು ಮೈಯ ಕಸುವಾಯಿತು. ಈ ತಿರುವು ನನಗೆ ತುಂಬಾ ಇಷ್ಟ.

ಆಮೇಲೆ ಸುಸ್ತಿನ ಪಕ್ಕ ಇಟ್ಟು ನೋಡಿ. ಸುಸ್ತು ಪಾರಸಿ ಮೂಲದ್ದು, ಅಲ್ಲಿ ಸೋಮಾರಿತನವೂ ಅದರಲ್ಲಿ ಸೇರಿದೆ. ದಿನವಿಡೀ ಬಸ್ಸಿನಲ್ಲಿ ಓಡಾಡಿ ಬಂದರೆ ಸುಸ್ತು, ಒಂದು ನಿದ್ದೆ ಮಾಡಿದರೆ ಹೋಗುತ್ತದೆ. ಜ್ವರ ಬಿಟ್ಟ ಮೇಲೂ ನಮ್ಮಜ್ಜಿ ಅರ್ಧ ಚೊಂಬು ನೀರನ್ನು ಎರಡು ಕೈಯಲ್ಲಿ ಹಿಡಿದರೂ ಎತ್ತಲಾಗದೆ ಕೆಳಗಿಟ್ಟರಲ್ಲ, ಅದು ನಿತ್ರಾಣ.

ಬರೆಯುವಾಗ ಒಂದು ಎಚ್ಚರ: 'ತ್ರಾಣವಿಲ್ಲ' ಸರಿ, 'ನಿತ್ರಾಣವಿಲ್ಲ' ಅಂದರೆ ಅರ್ಥವೇ ಉಲ್ಟಾ.